ಮೆಲುಕು ಮರೆತ ಚಂದ್ರಿ

ಜನ ಮಾಸ್ಕನ್ನು ಮೂಗಿನಿಂದ ಗಲ್ಲಕ್ಕೂ, ಗಲ್ಲದಿಂದ ಜೇಬಿಗೂ ಇಳಿಸಿ, ಕೊರೊನಾ ಮಾತನ್ನೇ ಬಿಟ್ಟಿದ್ದ ವರ್ಷ ಅದು. ನಾನು ಆಗ ಪೆರೇಸಂದ್ರದ ಹತ್ತಿರದ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಪಶುವೈದ್ಯಾಧಿಕಾರಿ. ಅದು ನನ್ನ ಕೊನೆಯ ಪೋಸ್ಟಿಂಗ್. ಅದಕ್ಕೂ ಮುಂಚೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಅಂತ ನಮ್ಮ ಜಿಲ್ಲೆಯನ್ನೆಲ್ಲ ಸುತ್ತಿ, ಎಷ್ಟು ಹಸುಗಳ ಹೊಟ್ಟೆಗೆ ಕಿವಿಗೊಟ್ಟಿದ್ದೆನೋ ಲೆಕ್ಕ ಇಟ್ಟವರಿಲ್ಲ. ಆಸ್ಪತ್ರೆ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಎರಡು ಕೋಣೆ, ಮುಂದೊಂದು ಹೊಂಗೆ ಮರ, ಮರದ ಕೆಳಗೆ ದನವನ್ನು ಅಲುಗಾಡದ ಹಾಗೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಪುಸ್ತಕದಲ್ಲಿ ಅದರ ಹೆಸರು ಟ್ರೆವಿಸ್. ಊರಿನವರ ಬಾಯಲ್ಲಿ ಅದು ದನದ ಕಟಕಟೆ.

ಒಂದು ಸೋಮವಾರ ಬೆಳಿಗ್ಗೆ ನಾನು ಇನ್ನೂ ಬೀಗ ತೆಗೆಯುತ್ತಿದ್ದೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಷರ್ಟು ತೊಟ್ಟು, ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡ ಒಬ್ಬರು ಮೊಪೆಡ್ಡಿನಿಂದ ಇಳಿದರು. ಹೆಸರು ಮುನಿಶಾಮಪ್ಪ. ಗೌರಿಬಿದನೂರಿನ ಆಚೆ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿ ಮೂವತ್ತು ವರ್ಷದ ಮೇಲೆ ದುಡಿದು, ಹಿಂದಿನ ಯುಗಾದಿಗೆ ರಿಟೈರಾಗಿ ಪಕ್ಕದ ತಮ್ಮ ಊರಿಗೆ ಬಂದವರು. ಮಿಷನ್ನು ಕೆಟ್ಟರೆ ಬಿಚ್ಚಿ, ರೋಗ ಹುಡುಕಿ, ಮತ್ತೆ ಕೂಡಿಸುವ ಕೆಲಸ. ಒಂದು ರೀತಿಯಲ್ಲಿ ನನ್ನದೇ ಕೆಲಸ ಅನ್ನಿ, ಬಾಲ ಒಂದಿಲ್ಲ.

"ಮೇಡಂ, ಫ್ಯಾಟ್ ಜಾಸ್ತಿ ಮಾಡೋ ಇಂಜೆಕ್ಷನ್ ಒಂದು ಬೇಕಾಗಿತ್ತು" ಅಂದರು.

ಯಾರಿಗೆ ಅಂತ ಕೇಳಿದೆ. ಅವರು ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡು, "ಹಸೂಗೆ ಮೇಡಂ, ನನಗಲ್ಲ" ಅಂದರು.

ಹಳ್ಳಿಯ ಡೈರಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಡೈರಿಯಲ್ಲಿ ಹಾಲನ್ನು ಅಳೆಯುವುದು ಲೀಟರಿನಿಂದ ಮಾತ್ರ ಅಲ್ಲ. ಒಂದು ಸಣ್ಣ ಯಂತ್ರದೊಳಗೆ ಹಾಲಿನ ಹನಿ ಬಿಟ್ಟು, ಅದರಲ್ಲಿ ಕೊಬ್ಬಿನ ಅಂಶ ಎಷ್ಟಿದೆ ಅಂತ ನೋಡುತ್ತಾರೆ. ಅದಕ್ಕೆ ಫ್ಯಾಟ್ ಅನ್ನುತ್ತಾರೆ. ನಮ್ಮ ಕಡೆಯ ಸೀಮೆ ಹಸುಗಳ ಹಾಲಿನಲ್ಲಿ ಸಾಧಾರಣವಾಗಿ ಅದು ಮೂರೂವರೆಯಿಂದ ನಾಲ್ಕರ ಆಸುಪಾಸು. ಮೂರಕ್ಕಿಂತ ಕೆಳಗಿಳಿದರೆ, ಹಾಲಿಗೆ ನೀರು ಬೆರೆಸಿದ್ದಾರೇನೋ ಅಂತ ಕ್ಯೂನಲ್ಲಿ ನಿಂತವರು ಕೆಮ್ಮುವುದಕ್ಕೆ ಶುರು ಮಾಡುತ್ತಾರೆ. ಮುನಿಶಾಮಪ್ಪನವರ ಮನೆಯ ಹಸುವಿನ ಫ್ಯಾಟ್ ಅವರು ರಿಟೈರಾಗಿ ಬಂದಾಗ ನಾಲ್ಕು ಇತ್ತು. ಈಗ ಎರಡು ಪಾಯಿಂಟ್ ಒಂಬತ್ತು.

"ಇನ್‌ಪುಟ್ ಎಲ್ಲಾ ಫಸ್ಟ್ ಕ್ಲಾಸ್ ಕೊಡ್ತಾ ಇದ್ದೀನಿ ಮೇಡಂ. ಔಟ್‌ಪುಟ್ ಬರ್ತಾ ಇಲ್ಲ."

ಅಂಥ ಇಂಜೆಕ್ಷನ್ ಭೂಮಿಯ ಮೇಲೆ ಇಲ್ಲ, ಹಸುವನ್ನು ನೋಡದೆ ಏನೂ ಹೇಳುವುದಿಲ್ಲ, ಮಧ್ಯಾಹ್ನ ಬರುತ್ತೇನೆ ಅಂದೆ. ಅವರ ಮುಖ ಸಪ್ಪಗಾಯಿತು. ಹೋಗುವಾಗ ಟ್ರೆವಿಸ್ಸಿನ ಕಂಬಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಇದಕ್ಕೊಂದು ಕ್ರಾಸ್ ಬಾರ್ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅಂತ ಹೇಳಿಯೇ ಹೋದರು. ಇಪ್ಪತ್ತು ವರ್ಷದಿಂದ ಅದೇ ಟ್ರೆವಿಸ್ಸು ಎಂಥೆಂಥ ಹೋರಿಗಳನ್ನು ಹಿಡಿದು ನಿಲ್ಲಿಸಿತ್ತು.

ಮಧ್ಯಾಹ್ನ ಅವರ ಮನೆಯ ಗೇಟು ತಳ್ಳಿ ಒಳಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದ ಹಾಗಾಯಿತು. ತಿರುಗಿ ನೋಡಿದರೆ ಗೇಟು. ಅದು ತಾನಾಗಿ ಮುಚ್ಚಿಕೊಳ್ಳಲಿ ಅಂತ ಯಜಮಾನರು ಒಂದು ರಾಟೆ ಕಟ್ಟಿ, ಹಗ್ಗದ ತುದಿಗೆ ಎರಡು ಇಟ್ಟಿಗೆ ನೇತು ಹಾಕಿದ್ದರು. ಅವರ ಹೆಂಡತಿ ನಾರಾಯಣಮ್ಮ ಓಡಿ ಬಂದರು. "ಅಯ್ಯೋ ಡಾಕ್ಟ್ರಮ್ಮ, ಹೊಡೀತಾ? ಬಲಗಡೆ ವಾಲಿಕೊಂಡು ಬರಬೇಕು ಕಣಮ್ಮ. ಊರೋರಿಗೆಲ್ಲ ಅಭ್ಯಾಸ ಆಗೈತೆ."

ಮೂವತ್ತು ವರ್ಷ ಮುನಿಶಾಮಪ್ಪ ಗೌರಿಬಿದನೂರಿನಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದವರು. ಮನೆ, ಹಿಪ್ಪುನೇರಳೆ ತೋಟ, ಹಸು ಎಲ್ಲವನ್ನೂ ನಡೆಸಿದ್ದು ನಾರಾಯಣಮ್ಮ. ಚೆನ್ನಾಗಿಯೇ ನಡೆಸಿದ್ದರು. ಈಗ ಯಜಮಾನರು ವಾರಕ್ಕೆ ಏಳು ದಿನವೂ ಮನೆಯಲ್ಲಿ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈ. ಕೆಟ್ಟದ್ದು ಒಂದೂ ಇಲ್ಲದ ಮನೆಯಲ್ಲಿ ಫಿಟ್ಟರ್ ಏನು ಮಾಡಬೇಕು ಹೇಳಿ? ನಲ್ಲಿಯ ಬಾಯಿ ತಿರುಗಿಸಿದರು. ಬಟ್ಟೆ ಒಗೆಯುವ ಕಲ್ಲನ್ನು ಎತ್ತರಿಸಿದರು. ನಾರಾಯಣಮ್ಮನ ಅತ್ತೆಯ ಕಾಲದ ಮುದ್ದೆ ಕೋಲು ಸವೆದಿದೆ ಅಂತ ಸ್ಟೀಲ್ ಪೈಪಿನದು ಮಾಡಿಕೊಟ್ಟರು. ಅದು ಕಾದು ಕೈ ಸುಟ್ಟಿತು. ಹಿಡಿಗೆ ರಬ್ಬರು ಹಾಕಿದರು. ಮುದ್ದೆ ಪಂಕ್ಚರ್ ಅಂಗಡಿಯ ಹಾಗೆ ವಾಸನೆ ಹೊಡೆಯಿತು. ಹಳೇ ಕೋಲನ್ನು ನಾರಾಯಣಮ್ಮ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟುಕೊಂಡು, ಅವರು ಹೊರಗೆ ಹೋದಾಗ ತೆಗೆದು ಮುದ್ದೆ ತಿರುವುತ್ತಿದ್ದರಂತೆ. ಇದನ್ನು ಅವರು ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ, ತುಂಟ ಮಗನ ಸುದ್ದಿ ಹೇಳುವ ಧಾಟಿ ಇತ್ತು.

ಕೈ ತೊಳೆಯಲು ನೀರು ಕೊಡುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದರು. ಅಲ್ಲಿ ಮಾತ್ರ ಧಾಟಿ ಬದಲಾಯಿತು. ಚಿಂತಾಮಣಿ ಕಡೆಯ ದಲ್ಲಾಳಿಯೊಬ್ಬನ ಜೊತೆ ಯಜಮಾನರು ಮಾತಾಡಿ ಮುಗಿಸಿದ್ದಾರೆ, ಈ ಹಸುವನ್ನು ಅವನು ಹೊಡೆದುಕೊಂಡು ಹೋಗಿ ಹೆಚ್ಚು ಫ್ಯಾಟ್ ಕೊಡುವ ಇನ್ನೊಂದನ್ನು ತಂದು ಕಟ್ಟುತ್ತಾನೆ, ಅಮಾವಾಸ್ಯೆ ಕಳೆಯಲಿ ಅಂತ ನಿಂತಿದೆ, ಅದಾದ ಮೇಲಿನ ಶನಿವಾರ ಗಾಡಿ ಬರುತ್ತದೆ ಅಂದರು. ಆ ಹಸು ಚಂದ್ರಿ. ಹುಟ್ಟಿದ ಮೂರನೇ ದಿನಕ್ಕೆ ತಾಯಿ ಸತ್ತಾಗ ನಾರಾಯಣಮ್ಮ ಬೆರಳಿಗೆ ಹಾಲು ಅದ್ದಿ ಚೀಪಿಸಿ ಉಳಿಸಿಕೊಂಡ ಕರು.

"ಮನೇಲಿ ಮಾತಾಡೋಕೆ ಯಾರೂ ಇಲ್ದಾಗ ನಾನು ಅವಳ ಹತ್ರಾನೇ ಮಾತಾಡಿದ್ದು ಡಾಕ್ಟ್ರಮ್ಮ. ಹೆಂಗಾದ್ರೂ ಮಾಡಿ ಉಳಿಸಿಕೊಡಿ."

ಶನಿವಾರಕ್ಕೆ ಹನ್ನೆರಡು ದಿನ ಇತ್ತು.

ಕೊಟ್ಟಿಗೆಗೆ ಹೋದೆ. ನೆಲಕ್ಕೆ ರಬ್ಬರ್ ಮ್ಯಾಟು, ಮೇಲೆ ಫ್ಯಾನು, ಮೂತಿ ಒತ್ತಿದರೆ ನೀರು ತುಂಬಿಕೊಳ್ಳುವ ಬಟ್ಟಲು. ಮುನಿಶಾಮಪ್ಪ ಒಂದೊಂದನ್ನೂ ತೋರಿಸಿದರು. ಕಪ್ಪು ಮೈಯ, ಹಣೆಯಲ್ಲಿ ಬಿಳಿ ಬೊಟ್ಟಿನ ಚಂದ್ರಿ ಅದರ ನಡುವೆ, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಹಾಗೆ ನಿಂತಿದ್ದಳು. ಜ್ವರ ಇಲ್ಲ. ಕೆಚ್ಚಲು ಸರಿ ಇದೆ. ಸಗಣಿ ಮಾತ್ರ ತೆಳ್ಳಗೆ, ಹೊಳಪಾಗಿ, ನೊರೆ ನೊರೆ. ಹಿಂಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಎಡಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದೆ. ಹಸುವಿನ ಮೊದಲ ಹೊಟ್ಟೆ ಇರುವುದು ಅಲ್ಲಿ. ಅದಕ್ಕೆ ರೂಮೆನ್ ಅನ್ನುತ್ತೇವೆ. ಚೆನ್ನಾಗಿರುವ ಹಸುವಿನಲ್ಲಿ ಅದು ಹಿಟ್ಟು ನಾದಿದ ಹಾಗೆ ನಿಮಿಷಕ್ಕೆ ಒಂದೆರಡು ಸಲ ಕೈಯನ್ನು ಎತ್ತಿ ಇಳಿಸಬೇಕು. ಚಂದ್ರಿಯದು ನಿದ್ದೆಗಣ್ಣಿನಲ್ಲಿ ಒಮ್ಮೆ ಹೊರಳಿ ಸುಮ್ಮನಾಯಿತು.

ಕೂರುವುದಕ್ಕೆ ಏನಾದರೂ ಇದೆಯಾ ಅಂತ ಕೇಳಿದೆ. ಕೊಟ್ಟಿಗೆಯ ಎದುರಿಗೆ ಒಂದು ಕಲ್ಲು ಚಪ್ಪಡಿ ಇತ್ತು. ಅದರ ಮೇಲೆ ಕೂತೆ. ಮುನಿಶಾಮಪ್ಪ ಬ್ಯಾಗಿನಿಂದ ಯಾವ ಔಷಧ ಬರುತ್ತದೋ ಅಂತ ಕಾದರು. ನಾನು ಏನೂ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತು, ಮೇವು ತಿಂದಾಗಿದೆ, ನೆರಳಿದೆ. ಇಂಥ ಹೊತ್ತಿನಲ್ಲಿ ಹಸು ಮಾಡುವ ಕೆಲಸ ಒಂದೇ. ಬೆಳಿಗ್ಗೆ ಅವಸರದಲ್ಲಿ ನುಂಗಿದ್ದನ್ನು ಉಂಡೆ ಉಂಡೆಯಾಗಿ ಬಾಯಿಗೆ ತಂದುಕೊಂಡು, ಕಣ್ಣು ಅರೆ ಮುಚ್ಚಿ, ಮೆಲುಕು ಹಾಕುವುದು. ಅರ್ಧ ಗಂಟೆ ಕೂತೆ. ಚಂದ್ರಿಯ ಬಾಯಿ ಒಂದು ಸಲವೂ ಆಡಲಿಲ್ಲ. ಕೊಟ್ಟಿಗೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಎದ್ದು ಗೋದಲಿಗೆ ಕೈ ಹಾಕಿದೆ. ಬೆರಳ ಸಂದಿಯಿಂದ ಏನೋ ಸೋರಿ ಹೋಯಿತು. ಎದ್ದ ಧೂಳಿಗೆ ನನಗೆ ಸೀನು ಬಂತು. ಇದೇನು ಅಂತ ಕೇಳಿದೆ.

"ರಾಗಿ ಹುಲ್ಲು ಮೇಡಂ" ಅಂದರು ಮುನಿಶಾಮಪ್ಪ, ಹೆಮ್ಮೆಯಿಂದ.

ನಸ್ಯಪುಡಿಗೂ ಅದಕ್ಕೂ ಒಂದು ಜರಡಿಯ ವ್ಯತ್ಯಾಸ ಇದ್ದಿರಬೇಕು. ಆಮೇಲೆ ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಮೇವು ಕತ್ತರಿಸುವ ಮಿಷನ್ನು, ಅಂದರೆ ಚಾಫ್ ಕಟರ್, ತೋರಿಸಿದರು. ಮೇವು ಕತ್ತರಿಸುವುದು ತಪ್ಪಲ್ಲ ಅಂತ ಇಲ್ಲಿ ಹೇಳಿಬಿಡಬೇಕು. ಒಂದು ಒಂದೂವರೆ ಇಂಚಿಗೆ ಕತ್ತರಿಸಿ ಹಾಕಿ, ಮೇವು ದಂಡವಾಗುವುದಿಲ್ಲ ಅಂತ ಊರೂರಿಗೆ ಹೋಗಿ ಹೇಳಿದವಳು ನಾನೇ. ಕಂಪನಿಯಿಂದ ಬಂದ ಮಿಷನ್ನು ಹಾಗೇ ಕತ್ತರಿಸುತ್ತಿತ್ತು. ಆದರೆ ಮುನಿಶಾಮಪ್ಪನವರು ಬಂದ ವಾರದಲ್ಲೇ ಅದರ ಹಲ್ಲುಗಾಲಿ ಬದಲಾಯಿಸಿದ್ದರು. ಬ್ಲೇಡಿನ ಸಂದು ಬಿಗಿ ಮಾಡಿದ್ದರು. ಅದೂ ಸಾಲದು ಅಂತ ಕೆಳಗೆ ತಾವೇ ಮಾಡಿದ ಒಂದು ಜಾಲರಿ ಕೂರಿಸಿ, ಅದರಲ್ಲಿ ಇಳಿಯದ ಹುಲ್ಲು ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ಕತ್ತರಿಸಿಕೊಂಡು ಬರುವ ಹಾಗೆ ಮಾಡಿದ್ದರು. ಕೆಲಸ ಅಂದರೆ ಕೆಲಸ. ಒಂದು ಬೋಲ್ಟು ಅಲುಗಾಡುತ್ತಿರಲಿಲ್ಲ.

"ಅಗಿಯೋ ಶ್ರಮ ತಪ್ಪಿದ್ರೆ ಆ ಶಕ್ತಿ ಎಲ್ಲಾ ಹಾಲಿಗೆ ಹೋಗತ್ತೆ ಅಲ್ವಾ ಮೇಡಂ? ಕಂಪನಿಯೋರಿಗೆ ಇದು ಹೊಳೆದಿಲ್ಲ."

ನಾನು ಅಲ್ಲೇ ಒಂದು ಗೋಣಿಚೀಲದ ಮೇಲೆ ಕೂತು ಕೇಳುತ್ತಾ ಹೋದೆ. ಕಥೆ ಒಂದೊಂದಾಗಿ ಬಿಚ್ಚಿಕೊಂಡಿತು. ನಾಲ್ಕು ಇದ್ದ ಫ್ಯಾಟನ್ನು ನಾಲ್ಕೂವರೆ ಮಾಡಬೇಕು ಅಂತ ಅವರು ಮಿಷನ್ನಿಗೆ ಕೈ ಹಾಕಿದ್ದು. ಫ್ಯಾಟ್ ಮೂರು ಪಾಯಿಂಟ್ ಏಳಕ್ಕೆ ಇಳಿಯಿತು. ಶಕ್ತಿ ಸಾಲದೇನೋ ಅಂತ ಬೆಲ್ಲ ಹಾಕಿದ ರಾಗಿ ಗಂಜಿ ಶುರು ಮಾಡಿದರು. ಮೂರು ಪಾಯಿಂಟ್ ಮೂರು. ಹುಲ್ಲು ಕಡಿಮೆ ಮಾಡಿ ಡೈರಿಯ ಹಿಂಡಿ, ಅಂದರೆ ಫೀಡು, ಹೆಚ್ಚು ಮಾಡಿದರು. ಎರಡು ಪಾಯಿಂಟ್ ಒಂಬತ್ತು. ಇಳಿದಷ್ಟೂ ಹೆಚ್ಚು ಕೊಟ್ಟರು, ಹೆಚ್ಚು ಕೊಟ್ಟಷ್ಟೂ ಇಳಿಯಿತು. ಕೊನೆಗೆ ಉಳಿದಿದ್ದು ಒಂದೇ ಪಾರ್ಟು ಬದಲಾಯಿಸುವುದು, ಹಸು.

ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮ, "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದಂಗೆ" ಅಂತ ಗೋಡೆಗೆ ಹೇಳಿದರು.

ರೋಗಕ್ಕೆ ನಮ್ಮ ಭಾಷೆಯಲ್ಲಿ ಅಸಿಡೋಸಿಸ್ ಅಂತ ಹೆಸರು. ಹೊಟ್ಟೆಯಲ್ಲಿ ಹುಳಿ ಹೆಚ್ಚಾಗುವುದು. ಚಂದ್ರಿಯದು ತೀರಾ ಜೋರಿನದಲ್ಲ, ಒಳಗೊಳಗೇ ಕುದಿಯುವ ಜಾತಿ. ಕಾಲು ನೋವು ಕೂಡ ಅದರದೇ. ಮುನಿಶಾಮಪ್ಪನವರಿಗೆ ಅವರ ಭಾಷೆಯಲ್ಲೇ ಹೇಳಲು ನೋಡಿದೆ. ಹಸು ಮೆಲುಕು ಹಾಕಿದಾಗ ಜೊಲ್ಲು ಬರುತ್ತದೆ, ಕೊಡಗಟ್ಟಲೆ. ಆ ಜೊಲ್ಲಿನಲ್ಲಿ ಸೋಡಾ ಇದೆ. ಹೊಟ್ಟೆಯ ಹುಳಿಯನ್ನು ಮುರಿಯುವುದು ಅದು. ಉದ್ದನೆಯ ಹುಲ್ಲು ಹೊಟ್ಟೆಯನ್ನು ಒಳಗಿನಿಂದ ಕೆರೆದರೆ ಮಾತ್ರ ಮೆಲುಕು ಬರುತ್ತದೆ. ಆ ಹುಲ್ಲು ನಿಧಾನಕ್ಕೆ ಕೊಳೆತರೆ ಅದರಿಂದಲೇ ಹಾಲಿನ ಕೊಬ್ಬು. ಪುಡಿ ಹಾಕಿದರೆ ಕೆರೆತ ಇಲ್ಲ, ಮೆಲುಕು ಇಲ್ಲ, ಜೊಲ್ಲು ಇಲ್ಲ, ಕೊಬ್ಬೂ ಇಲ್ಲ. ಹುಳಿ ಮಾತ್ರ ಇದೆ. ಮೇಲಿಂದ ಬೆಲ್ಲದ ಗಂಜಿ.

"ಅವಳ ಬಾಯೇ ಒಂದು ಗಿರಣಿ ಮುನಿಶಾಮಪ್ಪನವರೇ. ನೀವು ಹಿಟ್ಟು ತಂದು ಗಿರಣಿಗೆ ಹಾಕ್ತಾ ಇದ್ದೀರ" ಅಂದೆ.

ಅವರು ಜಾಲರಿಯನ್ನೇ ನೋಡಿದರು. ಆಮೇಲೆ ಸ್ಪ್ಯಾನರ್ ತಂದು ಬಿಚ್ಚಿದರು. ಒಳ್ಳೆಯ ಮನುಷ್ಯ, ತಪ್ಪು ತಿಳಿದ ಮೇಲೆ ಜಗಳಕ್ಕೆ ನಿಲ್ಲಲಿಲ್ಲ. ಉದ್ದನೆಯ ರಾಗಿ ಹುಲ್ಲು ಹಾಕಿ, ಗಂಜಿ ಪೂರ್ತಿ ಬಿಡಿ, ಫೀಡು ಮೊದಲಿನಷ್ಟಕ್ಕೆ ಇಳಿಸಿ, ದಿನಕ್ಕೆ ಒಂದು ಹಿಡಿ ಅಡುಗೆ ಸೋಡಾ ಫೀಡಿನಲ್ಲಿ ಬೆರೆಸಿ ಅಂತ ಹೇಳಿ ಹೊರಟೆ. ಇಷ್ಟೇನಾ ಅಂತ ಕೇಳಿದರು. ಇಷ್ಟೇ ಅಂದೆ. ಬ್ಯಾಗಿನಲ್ಲಿ ಟಾನಿಕ್ಕಿನ ಬಾಟಲಿ ಇತ್ತು, ನಿಜ. ಜನ ಡಾಕ್ಟರಿಂದ ಬಯಸುವುದೂ ಅದನ್ನೇ. ಆದರೆ ನಮ್ಮಜ್ಜಿ ಚಿಂತಾಮಣಿಯ ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಆಯಿತಾ ಅಂತ ಅಲ್ಲಾಡಿಸಿ ನೋಡಿದರೆ ಯಾವತ್ತೂ ಆಗುವುದಿಲ್ಲ ಅನ್ನುತ್ತಿದ್ದಳು. ನಾನು ಓದಿದ ಪಶುವೈದ್ಯದಲ್ಲಿ ಆ ಪಾಠ ಇರಲಿಲ್ಲ.

ನಾಲ್ಕು ದಿನ ಒಳ್ಳೆಯ ಸುದ್ದಿ ಬಂತು. ಚಂದ್ರಿ ಮೆಲುಕು ಶುರು ಮಾಡಿದ್ದಾಳೆ, ಸಗಣಿ ಗಟ್ಟಿಯಾಗಿದೆ, ಫ್ಯಾಟ್ ಮೂರು ಮುಟ್ಟಿದೆ. ಐದನೆಯ ದಿನ ಬೆಳಗಾಗುವಾಗ ನಾರಾಯಣಮ್ಮನ ಫೋನು. ಚಂದ್ರಿ ರಾತ್ರಿಯಿಂದ ಮೇವಿಗೆ ಮೂತಿ ಇಟ್ಟಿಲ್ಲ.

ಬಲಗಡೆ ವಾಲಿಕೊಂಡು ಗೇಟು ದಾಟಿ ಕೊಟ್ಟಿಗೆಗೆ ಓಡಿದೆ. ಹೊಟ್ಟೆ ಸದ್ದಿಲ್ಲ. ಗೋದಲಿಯಲ್ಲಿದ್ದ ಫೀಡಿನ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡೆ. ಪಶುವೈದ್ಯರು ಏನೇನನ್ನು ರುಚಿ ನೋಡುತ್ತೇವೆ ಅನ್ನುವುದನ್ನು ಮನೆಯವರಿಗೆ ಹೇಳುವುದಿಲ್ಲ. ಬಾಯಿ ತುಂಬ ಸೋಡಾ. ಎಷ್ಟು ಹಾಕಿದಿರಿ ಅಂತ ಕೇಳಿದೆ. ಮುನಿಶಾಮಪ್ಪ ಮೂರು ಬೆರಳು ತೋರಿಸಿದರು. ಒಂದು ಹಿಡಿಗೇ ಇಷ್ಟು ಗುಣ ಇದ್ದರೆ ಮೂರು ಹಿಡಿಗೆ ಎಷ್ಟಿರಬೇಡ ಅಂತ ಲೆಕ್ಕ ಹಾಕಿದ್ದರಂತೆ. ಶನಿವಾರದ ಒಳಗೆ ನಾಲ್ಕಕ್ಕೆ ತಂದು ಹೆಂಡತಿಗೆ ತೋರಿಸಬೇಕಾಗಿತ್ತಂತೆ. ಆ ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ಅವರೂ ಚಂದ್ರಿಯನ್ನು ಉಳಿಸಿಕೊಳ್ಳಲು ನೋಡುತ್ತಿದ್ದರು, ಅವರಿಗೆ ಗೊತ್ತಿದ್ದ ಒಂದೇ ದಾರಿಯಲ್ಲಿ.

"ನಾನೇನು ಕೆಟ್ಟದಕ್ಕಾ ಮಾಡ್ದೆ ಮೇಡಂ? ಮೊದ್ಲೂ ಅಷ್ಟೇ. ಪಾಪ, ಇಡೀ ದಿನ ಅಗೀತಾಳೆ, ಆ ಶ್ರಮ ತಪ್ಪಲಿ ಅಂತ."

ನಾರಾಯಣಮ್ಮ ಗಂಡನನ್ನು ನಾಲ್ಕು ಜನರ ಮುಂದೆ ಯಾವಾಗಲೂ 'ನೀವು' ಅನ್ನುವವರು. ಅವತ್ತು ಅದು ತಪ್ಪಿತು.

"ಅಗಿಯೋದು ಅವಳ ಕೆಲಸ. ಫ್ಯಾಕ್ಟ್ರಿಯೋರು ಹಾರ ಹಾಕಿ ಮನೆಗೆ ಕಳಿಸಿದಾಗ ಹೆಂಗಾಯ್ತು ನಿಂಗೆ? ವಾರಗಟ್ಲೆ ಊಟ ಸೇರ್ಲಿಲ್ಲ, ನಾನು ನೋಡ್ಲಿಲ್ವಾ? ಅದನ್ನೇ ಮಾಡಿದ್ದೀಯ ನೀನು ಅವಳಿಗೆ. ಹಲ್ಲು ಗಟ್ಟಿ ಇರೋವಾಗ್ಲೇ ರಿಟೈರ್ ಮಾಡ್ಬಿಟ್ಟಿದ್ದೀಯ."

ಮುನಿಶಾಮಪ್ಪ ಕೈ ಚಾಚಿ ಫ್ಯಾನಿನ ಸ್ವಿಚ್ಚು ಆರಿಸಿದರು, ಮತ್ತೆ ಹಾಕಿದರು, ಮತ್ತೆ ಆರಿಸಿದರು. ನಾನು ಚಂದ್ರಿಗೆ ಬೇಕಾದ ಉಪಚಾರ ಮಾಡಿದೆ. ಬೇರೆ ಒಂದು ಚೆನ್ನಾಗಿರುವ ಹಸುವಿನ ಬಾಯಿಂದ ಮೆಲುಕಿನ ಉಂಡೆ ತೆಗೆದು ಕಾಯಿಲೆಯ ಹಸುವಿಗೆ ನುಂಗಿಸುವ ಹಳೆಯ ಪದ್ಧತಿಯೊಂದಿದೆ. ಹೊಟ್ಟೆಯೊಳಗಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅದು ಹೆಪ್ಪು ಇದ್ದ ಹಾಗೆ. ಪಕ್ಕದ ಮನೆಯ ಹಸು ಧಾರಾಳವಾಗಿ ಒಂದು ಉಂಡೆ ದಾನ ಮಾಡಿತು. ಕೈ ತೊಳೆದುಕೊಳ್ಳುವಾಗ ಮುನಿಶಾಮಪ್ಪ ಹತ್ತಿರ ಬಂದರು.

"ಹಂಗಾದ್ರೆ ನಾನೇನು ಮಾಡ್ಲಿ ಮೇಡಂ?"

ಆ ಪ್ರಶ್ನೆ ಹಸುವಿನ ಬಗ್ಗೆ ಕೇಳಿದ್ದಲ್ಲ ಅಂತ ನನಗೆ ಗೊತ್ತಾಯಿತು. ಏನೂ ಮಾಡಬೇಡಿ ಅನ್ನುವುದು ಸುಲಭ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅಂತ ಗಾದೆ ಹೇಳಿ ನಗುತ್ತೇವೆ. ಸುಮ್ಮನಿರುವುದು ಎಂಥ ಕಷ್ಟದ ಕೆಲಸ ಅಂತ ಗಾದೆ ಮಾಡಿದವರು ಹೇಳಲಿಲ್ಲ. ಅದಕ್ಕೆ ಅವರಿಗೆ ಡ್ಯೂಟಿ ಹಾಕಿದೆ. ದಿನವೂ ಮಧ್ಯಾಹ್ನ ಊಟ ಆದ ಮೇಲೆ ಆ ಕಲ್ಲಿನ ಮೇಲೆ ಕೂರಬೇಕು. ಚಂದ್ರಿ ಒಂದು ಉಂಡೆಯನ್ನು ಎಷ್ಟು ಸಲ ಅಗಿದು ನುಂಗುತ್ತಾಳೆ ನೋಡಬೇಕು. ಐವತ್ತು ದಾಟಿದರೆ ಹೊಟ್ಟೆ ಸರಿಯಿದೆ ಅಂತ ಅರ್ಥ. ದಾಟದಿದ್ದರೆ ನನಗೆ ಫೋನು ಮಾಡಬೇಕು. ಮುಟ್ಟುವ ಹಾಗಿಲ್ಲ.

"ಕೈ ಎಲ್ಲಿಡ್ಲಿ?" ಅಂದರು. ತಮಾಷೆಗೆ ಕೇಳಿದ್ದಲ್ಲ.

"ತೊಡೆ ಮೇಲೆ" ಅಂದೆ.

ಶನಿವಾರ ಬಂತು. ಬರುತ್ತೇನೆ ಅಂತ ನಾರಾಯಣಮ್ಮನಿಗೆ ಮಾತು ಕೊಟ್ಟಿದ್ದೆ, ಹೋದೆ. ಮನೆ ಮುಂದೆ ಆಗಲೇ ಗಾಡಿ ನಿಂತಿತ್ತು. ಗಾಡಿಯಲ್ಲಿ ಹೊಸ ಹಸು. ನೋಡಲು ಲಕ್ಷಣವಾಗಿತ್ತು, ಸುಳ್ಳು ಹೇಳಬಾರದು. ದಲ್ಲಾಳಿ ಗೋಪಾಲಪ್ಪ ಅಂಗಳದಲ್ಲಿ ನಿಂತು ಬೆನ್ನು ಉಜ್ಜಿಕೊಳ್ಳುತ್ತಿದ್ದ. ಅವನಿಗೆ ಬಲಗಡೆ ವಾಲುವುದು ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಡೈರಿಯಲ್ಲಿ ಚಂದ್ರಿಯ ಫ್ಯಾಟ್ ಮೂರು ಪಾಯಿಂಟ್ ಮೂರು. ಏರಿತ್ತು, ಆದರೆ ಮೊದಲಿನಷ್ಟಿಲ್ಲ. ಗಾಡಿಯಲ್ಲಿದ್ದ ಹಸುವಿನದು ನಾಲ್ಕೂವರೆ ಅಂತ ಗೋಪಾಲಪ್ಪ ಆಣೆ ಮಾಡುತ್ತಿದ್ದ. ಲೆಕ್ಕ ಹಾಕುವವರಿಗೆ ಲೆಕ್ಕ ಸ್ಪಷ್ಟವಾಗಿತ್ತು. ನಾರಾಯಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೊಟ್ಟಿಗೆಯ ಹಗ್ಗ ಬಿಚ್ಚಿ ಕೊಡುವುದು ಆ ಮನೆಯಲ್ಲಿ ಯಜಮಾನನ ಕೆಲಸ. ಯಜಮಾನ ಕಲ್ಲಿನ ಮೇಲೆ ಕೂತಿದ್ದರು, ಎರಡು ಕೈಯೂ ತೊಡೆಯ ಮೇಲೆ.

ಗೋಪಾಲಪ್ಪ ಅವರ ಪಕ್ಕಕ್ಕೆ ಹೋಗಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೊಸ ಹಸುವಿನ ಗುಣಗಾನ ಶುರು ಮಾಡಿದ. ಮಂಚಿ ಹಸು, ಒಳ್ಳೇ ತಳಿ, ಒದೆಯೋದಿಲ್ಲ, ಹಾಯೋದಿಲ್ಲ. ಮುನಿಶಾಮಪ್ಪ ತಿರುಗದೆ ಒಂದು ಬೆರಳು ಎತ್ತಿದರು.

"ಸ್ವಲ್ಪ ಮೆತ್ತಗೆ ಮಾತಾಡಪ್ಪ. ಮೆಲುಕು ಹಾಕ್ತಾವಳೆ."

ಗೋಪಾಲಪ್ಪ ನನ್ನನ್ನು ನೋಡಿದ. ನಾನು ಗೇಟಿನ ಇಟ್ಟಿಗೆ ನೋಡಿದೆ. ಚಂದ್ರಿ ಕಣ್ಣು ಅರೆ ಮುಚ್ಚಿ, ದವಡೆಯನ್ನು ಒಂದೇ ಲಯದಲ್ಲಿ ಆಡಿಸುತ್ತಿದ್ದಳು. ಉಂಡೆ ಕತ್ತಿನಲ್ಲಿ ಇಳಿದು ಹೋಗುವುದು ಕಾಣಿಸಿತು. ಒಂದು ಗಳಿಗೆ ಬಿಟ್ಟು ಇನ್ನೊಂದು ಮೇಲೆ ಬಂತು.

"ಗಾಡಿ ಕಾಯ್ತಾ ಐತೆ ಅಣ್ಣ" ಅಂದ ಅವನು, ಈಗ ತಾನೂ ಪಿಸುದನಿಯಲ್ಲಿ.

"ಗಾಡಿ ತಿರುಗಿಸ್ಕೊ. ಓಡ್ತಾ ಇರೋ ಮಿಷನ್ನಿಗೆ ಸ್ಪ್ಯಾನರ್ ಹಾಕಬಾರದು ಅಂತ ಫ್ಯಾಕ್ಟ್ರಿಗೆ ಸೇರಿದ ದಿನಾನೇ ನಮ್ಗೆ ಹೇಳಿದ್ರು. ಮನೇಗೆ ಬಂದ್ಮೇಲೆ ಮರ್ತಿದ್ದೆ."

ನಾರಾಯಣಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಲೆಯ ಮುಂದೆ ಮುದ್ದೆ ತಿರುವುವ ಸದ್ದು ಕೇಳಿಸಿತು. ಮರದ ಕೋಲಿನ ಸದ್ದು, ಸ್ಟೀಲಿನದಲ್ಲ. ಮುನಿಶಾಮಪ್ಪನವರಿಗೂ ಅದು ಕೇಳಿಸಿರಬೇಕು, ತುಟಿಯ ಕೊನೆಯಲ್ಲಿ ಸಣ್ಣಗೆ ನಕ್ಕರು. ಬರಿಗೈಯಲ್ಲಿ ಹೋಗಬೇಕಾದ ಗೋಪಾಲಪ್ಪ ಹುರುಳಿ ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡು, ಸಿಟ್ಟು ಮರೆತು ಹೊರಟ. ಗಾಡಿಯಲ್ಲಿದ್ದ ಹಸುವಿಗೂ ನಾರಾಯಣಮ್ಮ ಒಂದು ಬಕೆಟ್ ನೀರು ಕೊಟ್ಟು, ಅದರ ಹಣೆ ಸವರಿ ಕಳಿಸಿದರು. ಅದರದೇನು ತಪ್ಪು.

ಅವರೆಕಾಯಿ ಕಾಲದಲ್ಲಿ ಕಾಲುಬಾಯಿ ಜ್ವರದ ಲಸಿಕೆಗೆ ಮತ್ತೆ ಆ ಊರಿಗೆ ಹೋದೆ. ಚಂದ್ರಿಯ ಫ್ಯಾಟ್ ನಾಲ್ಕಕ್ಕೆ ಬಂದು ನಿಂತು ತಿಂಗಳಾಗಿತ್ತು. ಅಷ್ಟರಲ್ಲಿ ಎದುರಿಗಿನ ಕಲ್ಲು ಚಪ್ಪಡಿಯ ಪಕ್ಕದಲ್ಲಿ ಒಂದು ಅದ್ಭುತ ಎದ್ದಿತ್ತು. ಕಬ್ಬಿಣದ ಕುರ್ಚಿ. ಬೆನ್ನಿಗೆ ಒರಗು, ಕಾಲಿಗೆ ಮಣೆ, ಸನ್ನೆ ಎಳೆದರೆ ಹಿಂದಕ್ಕೆ ಬಾಗುತ್ತದೆ, ಬಿಸಿಲು ತಿರುಗಿದ ಹಾಗೆ ತಿರುಗಿಸಿಕೊಳ್ಳಲು ಮೇಲೊಂದು ಛತ್ರಿ. ಕಲ್ಲಿನ ಮೇಲೆ ಕೂತು ನೋಡಿ ನೋಡಿ ಸೊಂಟ ಹಿಡಿಯಿತು ಅಂತ ಮುನಿಶಾಮಪ್ಪ ಮಾಡಿದ್ದಂತೆ. ಬೋಲ್ಟುಗಳಿಗೆಲ್ಲ ಬಣ್ಣ ಹೊಡೆದಿದ್ದರು. ಅದರಲ್ಲಿ ಕೂತಿದ್ದವರು ಮಾತ್ರ ನಾರಾಯಣಮ್ಮ, ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಾ, ಚಂದ್ರಿಯ ಜೊತೆ ಮಾತಾಡುತ್ತಾ. ಯಜಮಾನರು ಕಲ್ಲಿನ ಮೇಲೇ ಕೂತು ಆ ಮಾತು ಕೇಳುತ್ತಿದ್ದರು. ಎಷ್ಟೋ ವರ್ಷ ಆ ಮನೆಯಲ್ಲಿ ಹಸು ಒಂದೇ ಕೇಳಿಸಿಕೊಂಡ ಮಾತು.

ಹಸುವಿನ ಹುಳಿ ಇಳಿಸಬಹುದು. ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡಬೇಕು ಅನ್ನುವ ಮನುಷ್ಯನ ತುರಿಕೆಗೆ ನನ್ನ ಸರ್ವೀಸಿನಲ್ಲಿ ನಾನು ಔಷಧ ಕಾಣಲಿಲ್ಲ. ಕಾಣಬೇಕು ಅಂತಲೂ ಈಗ ಅನ್ನಿಸುವುದಿಲ್ಲ. ಅದರಲ್ಲಿ ಅರ್ಧ ಪ್ರೀತಿಯೇ ಇರುತ್ತದೆ, ಎಲ್ಲಿ ಇಡಬೇಕು ಅಂತ ಗೊತ್ತಾಗದ ಪ್ರೀತಿ. ಅದಕ್ಕೆ ಗೋದಲಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಜಾಗ ತೋರಿಸಿದರೆ ಸಾಕು ಅನ್ನುವುದು ನನ್ನ ಕೆಲಸ ನನಗೆ ಕಲಿಸಿದ್ದು.

ಲಸಿಕೆ ಹಾಕಿ ಹೊರಟೆ. ಮಾತಿನ ಗುಂಗಿನಲ್ಲಿ ಬಲಗಡೆ ವಾಲುವುದು ಮರೆತುಹೋಯಿತು. ಗೇಟು ಬೆನ್ನಿಗೆ ಚೆನ್ನಾಗಿಯೇ ಬಡಿಯಿತು. ಒಂದು ಇಟ್ಟಿಗೆ ಬಿಚ್ಚಿದರೆ ಮೆತ್ತಗೆ ಮುಚ್ಚುತ್ತದೆ ಅಂತ ಹೇಳಲು ತಿರುಗಿದೆ. ಮುನಿಶಾಮಪ್ಪ ಕಲ್ಲಿನಿಂದ ಆಗಲೇ ಅರ್ಧ ಎದ್ದಿದ್ದರು, ಕೈ ಜೇಬಿನ ಟೆಸ್ಟರಿನ ಕಡೆ ಹೋಗಿತ್ತು.

ಏನಿಲ್ಲ, ಕೂತ್ಕೊಳಿ ಅಂದೆ.